ಊರಿನ ಪರಿಸರಕ್ಕೊಂದು ಗುಂಪು: ಸಂಘವೋ, ಟ್ರಸ್ಟೋ, ಸಹಕಾರಿಯೋ, ಪಂಚಾಯಿತಿ ಸಮಿತಿಯೋ?

ಕೆರೆಯ ಹೂಳು, ಬೀದಿ ಬದಿಯ ಕಸ, ಮಾರ್ಚ್ ಬಂದರೆ ಕೈಕೊಡುವ ಕೊಳವೆಬಾವಿ, ಅಜ್ಜಿಯೊಂದಿಗೇ ಹೋಗಿಬಿಡುವ ನಾಟಿ ಬೀಜ. ಇವುಗಳಲ್ಲಿ ಯಾವುದೋ ಒಂದು ನೆಪವಾಗಿ ಹತ್ತಿಪ್ಪತ್ತು ಜನ ಸೇರುತ್ತಾರೆ. ಎರಡನೆಯ ಸಭೆಗೇ ಪ್ರಶ್ನೆ ಏಳುತ್ತದೆ: ರಿಜಿಸ್ಟರ್ ಮಾಡಿಸೋಣವೇ? ಮಾಡಿಸುವುದಾದರೆ ಏನೆಂದು? ಪರಿಚಯದ ಆಡಿಟರು ‘ಟ್ರಸ್ಟ್ ಮಾಡಿ, ಸುಲಭ’ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಊರ ಹುಡುಗ ‘ಸೆಕ್ಷನ್ 8 ಕಂಪನಿ ಆದರೆ ಸಿಎಸ್‌ಆರ್ ಹಣ ಬರುತ್ತೆ’ ಎನ್ನುತ್ತಾನೆ (ಸೆಕ್ಷನ್ 8 ಎಂದರೆ ಲಾಭ ಹಂಚಿಕೊಳ್ಳದೆ ಸೇವೆಗೆಂದೇ ಕಂಪನಿ ಕಾಯ್ದೆಯಡಿ ಕಟ್ಟುವ ಸಂಸ್ಥೆ, ಸಿಎಸ್‌ಆರ್ ಎಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ). ಪಿಡಿಒ ‘ಬೇರೆ ಯಾಕೆ, ನಮ್ಮ ಸಮಿತಿಯಲ್ಲೇ ಇರಿ’ ಎನ್ನುತ್ತಾರೆ. ಸ್ತ್ರೀಶಕ್ತಿ ಗುಂಪಿನವರಿಗೆ ಇಷ್ಟೊಂದು ಚರ್ಚೆ ಏಕೆಂದೇ ಅರ್ಥವಾಗುವುದಿಲ್ಲ. ಅವರು ವಾರ ವಾರ ಸೇರಿ ಹಣ ಕಟ್ಟುತ್ತಲೇ ಇರುತ್ತಾರೆ.

ಇವರಲ್ಲಿ ಯಾರದ್ದೂ ತಪ್ಪಲ್ಲ. ಒಬ್ಬೊಬ್ಬರು ಒಂದೊಂದು ಬಗೆಯ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದಾರೆ, ಅಷ್ಟೆ. ಗುಂಪಿನ ಉದ್ದೇಶ ನೋಡಿ ರೂಪ ಆರಿಸಲು ಹೊರಟರೆ ದಾರಿ ಕಾಣುವುದಿಲ್ಲ. ‘ಪರಿಸರ ಉಳಿಸುವುದು’ ಎಂಬ ಉದ್ದೇಶ ಈ ಎಲ್ಲ ರೂಪಗಳಿಗೂ ಹೊಂದುತ್ತದೆ. ನೋಡಬೇಕಾದದ್ದು ಗುಂಪಿನ ಕೈಗೆ ಏನು ಬರಲಿದೆ ಎಂಬುದನ್ನು: ಬರೀ ದುಡಿಮೆಯೇ, ಹಣವೇ, ಸಾಮಾನು ಮತ್ತು ಕಟ್ಟಡವೇ, ಮಾರುವ ಸರಕೇ, ಇಲ್ಲವೇ ಊರೊಟ್ಟಿನ ಆಸ್ತಿಯ ಮೇಲೆ ಒಂದಿಷ್ಟು ಅಧಿಕಾರವೇ.

ಅಳೆಯಲು ಐದು ಕೋಲು

ಮೊದಲನೆಯದು ಈಗ ಹೇಳಿದ್ದೇ. ಒಂದು ಕಾಗದದಲ್ಲಿ ಮುಂದಿನ ಎರಡು ವರ್ಷ ಗುಂಪಿನ ಕೈಗೆ ಬರುವುದನ್ನೆಲ್ಲ ಪಟ್ಟಿ ಮಾಡಿ. ಬರೀ ಶ್ರಮದಾನ, ಬೀಜ ವಿನಿಮಯ, ಮಳೆ ದಾಖಲೆ ಎಂದಷ್ಟೇ ಇದ್ದರೆ ನೋಂದಣಿಯ ಮಾತು ಮುಂದಕ್ಕೆ ಹಾಕಬಹುದು. ಲಕ್ಷ ದಾಟುವ ಹಣ, ಚಾಫ್ ಕಟ್ಟರ್, ಶೆಡ್ಡು ಎಂದೆಲ್ಲ ಪಟ್ಟಿಯಲ್ಲಿದ್ದರೆ ಹಾಗೆ ಮಾಡಲಾಗದು.

ಎರಡನೆಯದು, ಅಧ್ಯಕ್ಷರನ್ನು ಇಳಿಸುವುದು ಹೇಗೆ? ಕಟ್ಟುವಾಗ ಎಲ್ಲರೂ ಸ್ನೇಹಿತರೇ ಆಗಿರುವುದರಿಂದ ಈ ಪ್ರಶ್ನೆ ಕೇಳಲು ಸಂಕೋಚ. ಮೂರನೆಯ ವರ್ಷ ಕೇಳುವ ಹೊತ್ತಿಗೆ ಬೈಲಾದಲ್ಲಿ, ಅಂದರೆ ಗುಂಪಿನ ನಿಯಮಾವಳಿಯಲ್ಲಿ, ಉತ್ತರ ಇರುವುದಿಲ್ಲ.

ಮೂರನೆಯದು ವರ್ಷ ವರ್ಷದ ಕಾಗದ ಮತ್ತು ಖರ್ಚು. ನೋಂದಣಿಗೆ ಆಗುವ ಖರ್ಚನ್ನೇ ಎಲ್ಲರೂ ವಿಚಾರಿಸುತ್ತಾರೆ. ಅದು ಒಮ್ಮೆ ಮುಗಿಯುವಂಥದ್ದು. ಲೆಕ್ಕ ಪರಿಶೋಧನೆ, ವಾರ್ಷಿಕ ವರದಿ, ರಿಟರ್ನ್ ಇವು ಗುಂಪು ಇರುವವರೆಗೂ ಬೆನ್ನು ಬಿಡುವುದಿಲ್ಲ. ನಾಲ್ಕನೆಯದು, ಯಾರು ಹಣ ಕೊಡಬಲ್ಲರು: ಊರವರೇ, ಬ್ಯಾಂಕೇ, ಸರ್ಕಾರಿ ಯೋಜನೆಯೇ, ಕಂಪನಿಗಳೇ, ಹೊರದೇಶದಲ್ಲಿರುವವರೇ. ಐದನೆಯದು, ಮುಚ್ಚಬೇಕಾಗಿ ಬಂದರೆ ಉಳಿದದ್ದು ಯಾರಿಗೆ ಸೇರುತ್ತದೆ. ಸಂಘ, ಟ್ರಸ್ಟ್, ಸೆಕ್ಷನ್ 8 ಕಂಪನಿಗಳಲ್ಲಿ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಂಥದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು. ಸ್ವಸಹಾಯ ಗುಂಪಿನಲ್ಲಿ ಅವರವರ ಉಳಿತಾಯ ಅವರವರಿಗೆ.

ನೋಂದಣಿಯೇ ಇಲ್ಲದ ಗುಂಪು

ಇದನ್ನು ‘ಇನ್ನೂ ಆಗದ ಗುಂಪು’ ಎಂದು ನೋಡುವುದು ತಪ್ಪು. ಅನೇಕ ಕೆಲಸಗಳಿಗೆ ಇದೇ ಸರಿಯಾದ ರೂಪ. ಬೀಜ ಬ್ಯಾಂಕನ್ನೇ ನೋಡಿ. 30 ರೈತರು ತಲಾ ಒಂದು ಎಕರೆಗೆ ನಾಟಿ ಮಾಡುವ ರಾಗಿ ಬೀಜ ಒಯ್ಯುತ್ತಾರೆ ಎಂದುಕೊಳ್ಳಿ. ಎಕರೆಗೆ 2 ಕೆ.ಜಿ.ಯಂತೆ 60 ಕೆ.ಜಿ. ಬೇಕು. ಒಯ್ದದ್ದರ ದುಪ್ಪಟ್ಟು ಹಿಂದಿರುಗಿಸುವ ವಾಡಿಕೆಯಂತೆ ಸುಗ್ಗಿಗೆ 120 ಕೆ.ಜಿ. ಬರುತ್ತದೆ. ಇದಕ್ಕೆ ಬೇಕಾದದ್ದು ಒಂದು ಒಣ ಕೋಣೆ, ಬಿಗಿ ಮುಚ್ಚಳದ ಡ್ರಮ್ಮುಗಳು, ಬೂದಿ, ಬೇವಿನ ಸೊಪ್ಪು, ಒಂದು ಲೆಡ್ಜರ್. ಲೆಡ್ಜರಿನಲ್ಲಿ ತಳಿ, ಒಯ್ದವರು, ತೂಕ, ತಂದ ದಿನ, ಯಾವ ಹೊಲದ್ದು ಎಂಬ ಐದು ಕಲಂ ಸಾಕು. ಬ್ಯಾಂಕ್ ಖಾತೆಯೂ ಬೇಡ. ಕೆಡುವುದು ಎಲ್ಲಿ ಎಂದರೆ ಒಣಗಿಸುವುದರಲ್ಲಿ. ಹಲ್ಲಿನಡಿ ಕಟಕ್ ಎನ್ನದ ಬೀಜವನ್ನು ಡ್ರಮ್ಮಿಗೆ ತುಂಬಿದರೆ ಎರಡು ತಿಂಗಳಲ್ಲಿ ಮುಗ್ಗು ಹಿಡಿಯುತ್ತದೆ. ಇನ್ನೊಂದು ಅಪಾಯ ಬೆರಕೆ. ಒಂದೇ ಕಣದಲ್ಲಿ ಎರಡು ತಳಿ ಬಡಿದರೆ ಮೂರನೆಯ ವರ್ಷಕ್ಕೆ ಹೆಸರು ಮಾತ್ರ ಉಳಿದಿರುತ್ತದೆ.

ಕಾನೂನೂ ಇದಕ್ಕೆ ಅಡ್ಡ ಬರುವುದಿಲ್ಲ. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ವಿಧಿಯ ಪ್ರಕಾರ ರೈತರು ಬೀಜ ಉಳಿಸಿ, ಬಿತ್ತಿ, ಬದಲಾಯಿಸಿ, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ. ದುಪ್ಪಟ್ಟು ಬೀಜ ಬಂದು ಬಂದು ಕೋಣೆ ತುಂಬಿ, ‘ಪ್ಯಾಕೆಟ್ ಮಾಡಿ ಮಾರೋಣ’ ಎಂಬ ಮಾತು ಬಂದ ದಿನ ಈ ರೂಪದ ಆಯಸ್ಸು ಮುಗಿಯಿತು ಎಂದುಕೊಳ್ಳಿ.

ನೆರೆ, ಭೂಕುಸಿತ, ಬರದಂಥ ಹೊತ್ತಿಗೆ ಒದಗುವ ಗುಂಪಿಗೂ ನೋಂದಣಿ ಬೇಡ. ಅಲ್ಲಿ ಬೇಕಿರುವುದು ವೇಗ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜಾರಿದಾಗ, 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆ ಉಕ್ಕಿದಾಗ ಮೊದಲು ಬಂದು ನಿಂತವರು ಅಕ್ಕಪಕ್ಕದವರೇ. ಪ್ರತಿ ಕೇರಿಗೆ ಇಬ್ಬರು, ಅವರ ಫೋನ್ ನಂಬರು, ಒಂಟಿ ವೃದ್ಧರು, ಬಾಣಂತಿಯರು, ಡಯಾಲಿಸಿಸ್‌ಗೆ ಹೋಗುವವರು ಇರುವ ಮನೆಗಳ ಪಟ್ಟಿ, ಟ್ರ್ಯಾಕ್ಟರು ಮತ್ತು ಜನರೇಟರು ಯಾರ ಮನೆಯಲ್ಲಿವೆ ಎಂಬ ಪಟ್ಟಿ ಇಷ್ಟನ್ನೂ ಕಾಗದದ ಮೇಲೆ ಬರೆದಿಡಬೇಕು. ಕರೆಂಟು ಹೋದ ಮೂರನೆಯ ದಿನ ವಾಟ್ಸ್ಆ್ಯಪ್ ಗುಂಪು ಯಾರ ಕೈಗೂ ಸಿಗುವುದಿಲ್ಲ.

ಹಣ ಬಂತೆಂದರೆ ಮಾತ್ರ ಜೋಪಾನ. ಅತಿ ಸಾಮಾನ್ಯ ತಪ್ಪು ಖಜಾಂಚಿಯ ಸ್ವಂತ ಫೋನ್‌ಪೇ ನಂಬರಿಗೆ ವಂತಿಗೆ ಹಾಕಿಸುವುದು. ಲೆಕ್ಕ ಬೆರೆಯುತ್ತದೆ, ಅವರ ಆದಾಯದಂತೆ ಕಾಣುತ್ತದೆ, ಅವರಿಗೇನಾದರೂ ಆದರೆ ಹಣ ಅವರ ನಾಮಿನಿಗೆ ಹೋಗುತ್ತದೆ. ನೋಂದಣಿಯಾಗದ ಗುಂಪಿಗೂ ಬ್ಯಾಂಕ್ ಖಾತೆ ತೆರೆಯಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮದಲ್ಲಿ ಇದಕ್ಕೆ ಅವಕಾಶವಿದೆ: ಗುಂಪಿನ ಠರಾವು, ಪ್ಯಾನ್ ಇಲ್ಲವೇ ಅದಿಲ್ಲದವರು ಕೊಡುವ, ಜನ ಫಾರಂ 60 ಎನ್ನುವ ಘೋಷಣೆ, ವ್ಯವಹರಿಸುವವರಿಗೆ ಕೊಟ್ಟ ಅಧಿಕಾರ ಪತ್ರ, ಅವರ ಗುರುತಿನ ದಾಖಲೆ. ಕೌಂಟರಿನಲ್ಲಿ ‘ಆಗಲ್ಲ’ ಎಂದರೆ ಮ್ಯಾನೇಜರರ ಬಳಿ ನಿಯಮ ತೋರಿಸಿ ಕೇಳಿ. ಇನ್ನೂ ಆಗದಿದ್ದರೆ ಊರಿನ ಸಹಕಾರಿ ಬ್ಯಾಂಕಿಗೆ ಹೋಗಿ. ಮೂವರ ಹೆಸರು, ಅದರಲ್ಲಿ ಯಾರಾದರೂ ಇಬ್ಬರ ಸಹಿ ಎಂದಿರಲಿ.

ಈ ರೂಪದ ನಿಜವಾದ ದೌರ್ಬಲ್ಯ ಹೊಣೆಗಾರಿಕೆ. ಗುಂಪಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ, ಒಪ್ಪಂದಕ್ಕೆ ಸಹಿ ಹಾಕಿದವರೇ ಸ್ವಂತಕ್ಕೆ ಹೊಣೆ. ಶ್ರಮದಾನಕ್ಕೆ ಬರುವವರೆಲ್ಲ ತಮ್ಮ ತಮ್ಮ ಖಾತೆಯಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿಕೊಳ್ಳಲಿ: 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸಾವಾದರೆ 2 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಮೇ ತಿಂಗಳಲ್ಲಿ ಖಾತೆ ಬರಿದಾಗಿದ್ದರೆ ಕಂತು ಕಡಿತವಾಗದೆ ವಿಮೆ ತಪ್ಪಿಹೋಗುತ್ತದೆ.

ಸ್ವಸಹಾಯ ಗುಂಪು

10ರಿಂದ 20 ಜನ, ಬಹುತೇಕ ಮಹಿಳೆಯರು. ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಸಮಯಕ್ಕೆ ಮರುಪಾವತಿ, ಪುಸ್ತಕ ಬರೆಯುವುದು ಎಂಬ ಪಂಚಸೂತ್ರ. ಖಾತೆ ತೆರೆಯುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಪದಾಧಿಕಾರಿಗಳ ಕೆವೈಸಿ ಸಾಕು. ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಕ್ಕೆ ಸೇರಿದರೆ ಸುತ್ತುನಿಧಿ, ಬ್ಯಾಂಕ್ ಸಾಲ, ತರಬೇತಿಯ ದಾರಿ ತೆರೆಯುತ್ತದೆ. ಕಸ ವಿಂಗಡಣೆಯ ಮಟ್ಟಿಗಂತೂ ಕರ್ನಾಟಕದ ಹಳ್ಳಿಗಳಲ್ಲಿ ಇದು ಒಗ್ಗಿದ ದಾರಿ. ಅನೇಕ ಪಂಚಾಯಿತಿಗಳು ಒಕ್ಕೂಟದ ಜತೆ ಒಪ್ಪಂದ ಮಾಡಿಕೊಂಡು ಕಸ ವಿಂಗಡಿಸುವ ಘಟಕ ನಡೆಸಲು ಕೊಟ್ಟಿವೆ. ಕಸ ಒಯ್ಯುವ ‘ಸ್ವಚ್ಛ ವಾಹಿನಿ’ ಓಡಿಸುವವರೂ ಅನೇಕ ಕಡೆ ಹೆಣ್ಣುಮಕ್ಕಳೇ.

ಮಿತಿಯೂ ಇದೆ. ಈ ಗುಂಪುಗಳ ಜೀವ ಇರುವುದು ಉಳಿತಾಯ ಮತ್ತು ಸಾಲದಲ್ಲಿ. ಅದರ ಮೇಲೆ ಕೆರೆ, ಕಸ, ಗಿಡ ಎಂದು ಹೇರುತ್ತಾ ಹೋದರೆ ಕೂಲಿಯಿಲ್ಲದ ಕೆಲಸವೆಲ್ಲ ಮಹಿಳೆಯರ ಹೆಗಲಿಗೆ ಬೀಳುತ್ತದೆ. ಪಂಚಾಯಿತಿ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಮೂರು ಸಂಗತಿ ಬರೆಸಿಕೊಳ್ಳಿ: ತಿಂಗಳ ಸಂಬಳ ಯಾವ ತಾರೀಖಿನೊಳಗೆ, ವಾಹನ ಕೆಟ್ಟರೆ ರಿಪೇರಿ ಯಾರದು, ಕೈಗವಸು ಬೂಟು ಯಾರು ಕೊಡಬೇಕು. ಮನೆ ಮನೆಯ ಶುಲ್ಕದಿಂದಲೇ ಸಂಬಳ ಎಂದಿದ್ದರೆ ಎಷ್ಟು ಮನೆ ನಿಜವಾಗಿ ಕೊಡುತ್ತಿವೆ ಎಂದು ಮೂರು ತಿಂಗಳು ಎಣಿಸಿ ನೋಡಿ ಮುಂದುವರಿಯಿರಿ.

ಈಗಾಗಲೇ ಇರುವ ಕುರ್ಚಿಗಳು

ಹೊಸ ಗುಂಪು ಕಟ್ಟುವ ಉತ್ಸಾಹದಲ್ಲಿ ಜನ ಮರೆಯುವುದು ಇದನ್ನೇ. ಪಂಚಾಯಿತಿಯಲ್ಲಿ ಪರಿಸರಕ್ಕೆ ಸಂಬಂಧಿಸಿದ ಸಮಿತಿಗಳು ಕಾಗದದ ಮೇಲೆ ಈಗಾಗಲೇ ಇವೆ, ಕೂರುವವರಿಲ್ಲ. ಜಲಜೀವನ್ ಮಿಷನ್ ಮಾರ್ಗಸೂಚಿಯಂತೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ 10ರಿಂದ 15 ಜನ, ಅದರಲ್ಲಿ ಅರ್ಧ ಮಹಿಳೆಯರು, ಕಾಲು ಭಾಗ ದುರ್ಬಲ ವರ್ಗದವರು ಇರಬೇಕು. ಚುನಾಯಿತ ಸದಸ್ಯರು ಕಾಲು ಭಾಗದವರೆಗೆ ಮಾತ್ರ. ನೀರು ಪರೀಕ್ಷೆಯ ಕಿಟ್ ಬಳಸಲು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಎಂಬುದೂ ಅದೇ ಮಾರ್ಗಸೂಚಿಯಲ್ಲಿದೆ. ನಿಮ್ಮ ಚಿಂತೆ ಕುಡಿಯುವ ನೀರಾದರೆ ಮೊದಲು ಈ ಸಮಿತಿಯ ನಡಾವಳಿ ಪುಸ್ತಕ ಕೇಳಿ. ಕೊನೆಯ ಸಭೆಯ ತಾರೀಖು ನೋಡಿದರೆ ಎಲ್ಲ ಅರ್ಥವಾಗುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ 41ನೇ ವಿಧಿಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಬೇಕು, ಊರಿನ ಸಸ್ಯ, ಪ್ರಾಣಿ, ನಾಟಿ ತಳಿ, ನಾಟಿ ವೈದ್ಯದ ದಾಖಲಾತಿ ಮಾಡಬೇಕು. ದೇವರಕಾಡು, ಗುಂಡುತೋಪು, ಹಳೆಯ ಮಾವಿನ ತೋಪು ಉಳಿಸುವುದು ಗುರಿಯಾದರೆ ಯಾವ ಟ್ರಸ್ಟಿಗಿಂತಲೂ ಈ ಸಮಿತಿಯ ದಾಖಲೆಗೆ ತೂಕ ಹೆಚ್ಚು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯ ಬಲದಿಂದ.

ಲಾಭ ಏನೆಂದರೆ ಅಧಿಕಾರ ಮತ್ತು ಸರ್ಕಾರಿ ಹಣ. ಕೆರೆ, ಗೋಮಾಳ, ರಾಜಕಾಲುವೆ ಇವುಗಳನ್ನು ಮುಟ್ಟಲು ಹೇಗಿದ್ದರೂ ಪಂಚಾಯಿತಿ ಅಥವಾ ಇಲಾಖೆಯ ಒಪ್ಪಿಗೆ ಬೇಕು. ಅಭಿವೃದ್ಧಿ ಯೋಜನೆ ತಯಾರಾಗುವ ಅಕ್ಟೋಬರಿನ ಹೊತ್ತಿಗೆ ವಾರ್ಡ್ ಸಭೆಯಲ್ಲಿ ಕೆಲಸ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ, ನಡಾವಳಿಯ ನಕಲು ಪಡೆದರೆ ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಜಾಗ ಸಿಗುವ ಸಾಧ್ಯತೆ ಇದೆ. ಫೆಬ್ರವರಿಯಲ್ಲಿ ಅರ್ಜಿ ಹಿಡಿದು ಹೋದರೆ ‘ಈ ವರ್ಷದ್ದು ಮುಗೀತು’ ಎಂಬ ಉತ್ತರ ಖಚಿತ. ನಷ್ಟವೂ ಅಷ್ಟೇ ಸ್ಪಷ್ಟ: ಚುನಾವಣೆ ಬಂದು ಪಂಚಾಯಿತಿ ಬದಲಾದರೆ ಸಮಿತಿಯೂ ಬದಲಾಗಬಹುದು, ಪಿಡಿಒ ವರ್ಗವಾದರೆ ಆರು ತಿಂಗಳು ಹಿಂದೆ ಬೀಳುತ್ತೀರಿ. ಹಾಗಾಗಿ ಸಮಿತಿಯ ಒಳಗೆ ಮೂವರು, ಹೊರಗೆ ಇಪ್ಪತ್ತು ಜನರ ಸ್ವತಂತ್ರ ಗುಂಪು ಎಂಬ ಜೋಡಿ ಏರ್ಪಾಟು ಹಳ್ಳಿಗಳಿಗೆ ಹೆಚ್ಚು ಹೊಂದುತ್ತದೆ.

ನೋಂದಾಯಿತ ಸಂಘ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960. ಕನಿಷ್ಠ ಏಳು ಜನ ಬೇಕು. ಸಂಘದ ಜ್ಞಾಪನಾ ಪತ್ರ, ಬೈಲಾ, ಮೊದಲ ಸಭೆಯ ನಡಾವಳಿ, ಸ್ಥಾಪಕರ ಗುರುತಿನ ದಾಖಲೆ, ಕಚೇರಿಯ ಜಾಗದ ಮಾಲೀಕರ ಒಪ್ಪಿಗೆ ಪತ್ರ ಜೋಡಿಸಿ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನೈಸರ್ಗಿಕ ಸಂಪನ್ಮೂಲಗಳ ಸಂರಕ್ಷಣೆಯೂ ಈ ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಒಂದು.

ಪ್ರಜಾಪ್ರಭುತ್ವ ಬೇಕೆನ್ನುವ ಗುಂಪಿಗೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲ. ಸದಸ್ಯರಿಗೆ ಮತ, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಅದು ಮುಗಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ನೋಂದಣಾಧಿಕಾರಿಗೆ. ಅಧ್ಯಕ್ಷರನ್ನು ಇಳಿಸುವ ದಾರಿ ಇದೆ. ಆ ದಾರಿಯೇ ಸಂಘ ಒಡೆಯುವ ದಾರಿಯೂ ಆಗಬಹುದು: ಚುನಾವಣೆಗೆ ಒಂದು ತಿಂಗಳ ಮುಂಚೆ ಐವತ್ತು ಹೊಸ ಸದಸ್ಯರನ್ನು ಸೇರಿಸಿ ಮತ ಹಾಕಿಸುವ ಚಾಳಿ ಹೊಸದಲ್ಲ. ಸೇರಿ ಒಂದು ವರ್ಷವಾದವರಿಗೆ, ಕನಿಷ್ಠ ನಾಲ್ಕು ಕೆಲಸದ ದಿನ ಬಂದವರಿಗೆ ಮಾತ್ರ ಮತ ಎಂದು ಬೈಲಾದಲ್ಲಿ ಬರೆದರೆ ಅದಕ್ಕೆ ಬೀಗ ಬೀಳುತ್ತದೆ. ಒಬ್ಬರು ಸತತ ಎರಡು ಅವಧಿಗಿಂತ ಹೆಚ್ಚು ಪದಾಧಿಕಾರಿ ಆಗುವಂತಿಲ್ಲ ಎಂಬುದನ್ನೂ, ಕೋರಂ (ಸಭೆ ನಡೆಯಲು ಇರಲೇಬೇಕಾದ ಜನ) ಎಷ್ಟು ಎಂಬುದನ್ನೂ, ಖಜಾಂಚಿ ಕೈಯಲ್ಲಿ ಎಷ್ಟು ನಗದು ಇಟ್ಟುಕೊಳ್ಳಬಹುದು ಎಂಬುದನ್ನೂ ಅಂಕಿಯಲ್ಲೇ ಬರೆಯಿರಿ. ಪರಿಚಯದ ಸಂಘದ ಬೈಲಾ ನಕಲು ಮಾಡಿ ಹೆಸರು ಬದಲಿಸುವುದು ರೂಢಿ. ಹಾಗೆ ಮಾಡಿದ ಬೈಲಾದಲ್ಲಿ ಕ್ರೀಡಾಕೂಟ, ನಾಟಕೋತ್ಸವ ಎಲ್ಲ ಇರುತ್ತವೆ, ಕೆರೆ ಮಾತ್ರ ಇರುವುದಿಲ್ಲ.

ಆದರೂ ಸಂಘಗಳು ಹೆಚ್ಚಾಗಿ ಸಾಯುವುದು ಜಗಳದಿಂದಲ್ಲ, ಕಾಗದದಿಂದ. ಎರಡು ಮೂರು ವರ್ಷ ಪಟ್ಟಿ ಸಲ್ಲಿಸಿರುವುದಿಲ್ಲ, ಅಷ್ಟರಲ್ಲಿ ಕಾರ್ಯದರ್ಶಿ ಊರು ಬಿಟ್ಟಿರುತ್ತಾರೆ. ಸಹಿ ಬದಲಿಸಲು ಹೋದರೆ ಬ್ಯಾಂಕು ನೋಂದಣಾಧಿಕಾರಿ ದೃಢೀಕರಿಸಿದ ಹೊಸ ಪಟ್ಟಿ ಕೇಳುತ್ತದೆ. ಹಳೆಯ ಬಾಕಿ ತೀರದೆ ಪಟ್ಟಿ ಸಿಗದು, ಪಟ್ಟಿ ಸಿಗದೆ ಹಣ ಸಿಗದು. ಇದಕ್ಕೆ ಮದ್ದು ಸರಳ: ಸರ್ವಸದಸ್ಯರ ಸಭೆಯ ದಿನವನ್ನು ಬೈಲಾದಲ್ಲೇ ನಿಗದಿ ಮಾಡಿ, ಆಡಿಟರ ಶುಲ್ಕವನ್ನು ವರ್ಷದ ಮೊದಲ ವಂತಿಗೆಯಿಂದಲೇ ಎತ್ತಿಡಿ.

ಸರ್ಕಾರಿ ಯೋಜನೆಯೊಂದಿಗೆ ಹುಟ್ಟಿದ ಸಂಘಗಳ ಪಾಡು ಬೇರೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ಆರಂಭವಾದ ಕೆರೆ ಅಭಿವೃದ್ಧಿ ಯೋಜನೆ ಊರೂರಿಗೆ ಕೆರೆ ಬಳಕೆದಾರರ ಸಂಘಗಳನ್ನು ಹುಟ್ಟಿಸಿತು. ಯೋಜನೆಯ ಹಣ ನಿಂತ ಮೇಲೆ ಹಲವು ಕಾಗದದಲ್ಲಷ್ಟೇ ಉಳಿದವು. ನಿಮ್ಮೂರಲ್ಲಿ ಅಂಥದ್ದೊಂದು ಇದ್ದರೆ ಹೊಸದನ್ನು ಕಟ್ಟುವ ಮುಂಚೆ ಅದರ ಖಾತೆಯಲ್ಲಿ ಏನಾದರೂ ಉಳಿದಿದೆಯೇ, ಅದನ್ನೇ ಎಬ್ಬಿಸಬಹುದೇ ಎಂದು ವಿಚಾರಿಸಿ. ಮೊದಲು ನೀರು ಬಿಡುವ ನೀರಗಂಟಿಗೆ ಕಣದಲ್ಲೇ ಕಾಳು ಅಳೆದು ಕೊಡುತ್ತಿದ್ದರು; ವರ್ಷ ವರ್ಷ ಬರುವ ಇಂಥ ಆದಾಯದ ಮೂಲವೊಂದನ್ನು ತೋರಿಸಲಾಗದ ಕೆರೆ ಸಂಘಕ್ಕೆ ಆಯಸ್ಸು ಕಡಿಮೆ.

ಟ್ರಸ್ಟ್

ಇಬ್ಬರು ಟ್ರಸ್ಟಿಗಳು, ಒಂದು ಟ್ರಸ್ಟ್ ಡೀಡ್, ಇಬ್ಬರು ಸಾಕ್ಷಿಗಳು, ಉಪನೋಂದಣಾಧಿಕಾರಿ ಕಚೇರಿ. ಕೆಲವೇ ದಿನದ ಕೆಲಸ. ಚುನಾವಣೆ ಇಲ್ಲ, ಆದ್ದರಿಂದ ಸ್ಥಿರತೆ ಹೆಚ್ಚು, ನಿರ್ಧಾರ ಬೇಗ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನವರು 2010ರಲ್ಲಿ ಟ್ರಸ್ಟ್ ಮಾಡಿಕೊಂಡು, 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಂದಿಗೆ ನಿರ್ವಹಣೆಯ ಒಡಂಬಡಿಕೆ ಮಾಡಿಕೊಂಡರು. ದಿನಾ ಕೆಲಸಗಾರರಿಗೆ ಕೂಲಿ ಕೊಡುತ್ತಾ, ದೇಣಿಗೆಯಲ್ಲಿ ಒಂದು ಜಾಗ ನಿಭಾಯಿಸುವ ಇಂಥ ಕೆಲಸಕ್ಕೆ ಟ್ರಸ್ಟ್ ಚೆನ್ನಾಗಿ ಒಗ್ಗುತ್ತದೆ.

ಹಳ್ಳಿಯಲ್ಲಿ ಇದೇ ಗುಣ ದೋಷವಾಗುತ್ತದೆ. ಊರೊಟ್ಟಿನ ಕೆಲಸಕ್ಕೆ ನಾಲ್ಕು ಜನ ಆಜೀವ ಟ್ರಸ್ಟಿಗಳು ಎಂದರೆ ಉಳಿದವರು ಕೂಲಿಗೆ ಬಂದವರಂತೆ ಆಗುತ್ತಾರೆ. ಟ್ರಸ್ಟ್ ಮಾಡುವುದೇ ಆದರೆ ಟ್ರಸ್ಟಿಗಳ ಅವಧಿ ಮೂರು ವರ್ಷ, ಪ್ರತಿ ಕೇರಿಯಿಂದ ಒಬ್ಬರು, ಇಬ್ಬರಾದರೂ ಮಹಿಳೆಯರು ಎಂದು ಡೀಡಿನಲ್ಲೇ ಬರೆಸಿ. ಆಮೇಲೆ ತಿದ್ದುಪಡಿ ಮಾಡುವುದು ನೀವಂದುಕೊಂಡಷ್ಟು ಸುಲಭವಲ್ಲ, ಅದಕ್ಕೂ ಡೀಡಿನಲ್ಲಿ ಅವಕಾಶ ಇಟ್ಟಿರಬೇಕು.

ಮಾರುವುದಿದ್ದರೆ: ಸಹಕಾರಿ ಅಥವಾ ಉತ್ಪಾದಕ ಕಂಪನಿ

ಸಿರಿಧಾನ್ಯ ಮಾರುವುದು, ಎಣ್ಣೆಗಾಣ ನಡೆಸುವುದು, ಗೊಬ್ಬರ ಮಾರುವುದು, ಉಪಕರಣ ಬಾಡಿಗೆಗೆ ಕೊಡುವುದು. ಲಾಭ ಸದಸ್ಯರಿಗೆ ಹಂಚಬೇಕೆಂದಿದ್ದರೆ ಸಂಘವೂ ಟ್ರಸ್ಟೂ ಆಗದು. ಇಲ್ಲಿ ನಮ್ಮವರಿಗೆ ಗುರುತಿನ ದಾರಿ ಸಹಕಾರಿಯದು. ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ. ಹಾಲಿನ ಡೇರಿ ಇರುವ ಊರಿನಲ್ಲಿ ಷೇರು, ಬೋನಸ್ಸು, ಆಡಳಿತ ಮಂಡಳಿ ಎಂದರೇನೆಂದು ವಿವರಿಸಬೇಕಾಗಿಲ್ಲ.

ಎರಡು ಕಾಯ್ದೆಗಳಿವೆ. 1959ರ ಸಹಕಾರ ಸಂಘಗಳ ಕಾಯ್ದೆಯಡಿ ಸರ್ಕಾರದ ನೆರವೂ ಹೆಚ್ಚು, ಕೈಯೂ ಹೆಚ್ಚು. 2001ರ ಜನವರಿಯಿಂದ ಜಾರಿಗೆ ಬಂದ 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ಸ್ವಾಯತ್ತತೆ ಹೆಚ್ಚು, ಆದರೆ ಬಂಡವಾಳ ನೀವೇ ಕೂಡಿಸಬೇಕು. ಎರಡಕ್ಕೂ ಕನಿಷ್ಠ ಹತ್ತು ಜನ ಬೇಕು. ಹತ್ತೇ ಜನರಿಂದ ಹೊರಟರೆ ಅಂಗಡಿ ಬಾಡಿಗೆ ಕಟ್ಟಲೂ ಷೇರು ಹಣ ಸಾಲದು ಎಂಬುದು ಬೇರೆ ಮಾತು. ಸಹಕಾರಿ ಚುನಾವಣೆಗೆ ಊರಿನ ಪಕ್ಷ ರಾಜಕೀಯ ನುಗ್ಗುವುದನ್ನು ಯಾವ ಬೈಲಾವೂ ತಡೆಯಲಾರದು.

ಇನ್ನೊಂದು ದಾರಿ ರೈತ ಉತ್ಪಾದಕ ಕಂಪನಿ, ಅಂದರೆ ರೈತರೇ ಷೇರುದಾರರಾದ ಕಂಪನಿ. ಅದಕ್ಕೆ ಕಾನೂನಿನ ಪ್ರಕಾರ ಹತ್ತು ಉತ್ಪಾದಕರು ಸಾಕು. ನಿರ್ದೇಶಕರು 5ರಿಂದ 15, ಮಂಡಳಿ ಸಭೆ ಮೂರು ತಿಂಗಳಿಗೊಮ್ಮೆಯಾದರೂ, ಪೂರ್ಣಾವಧಿ ಮುಖ್ಯ ಕಾರ್ಯನಿರ್ವಾಹಕ. ಷೇರು ಎಷ್ಟಿದ್ದರೂ ಒಬ್ಬರಿಗೆ ಒಂದೇ ಮತ. 2020ರಲ್ಲಿ ಕೇಂದ್ರ ಆರಂಭಿಸಿದ 10,000 ಉತ್ಪಾದಕ ಸಂಸ್ಥೆಗಳ ಯೋಜನೆಯ ನೆರವು ಬೇಕೆಂದರೆ ಬಯಲು ಸೀಮೆಯಲ್ಲಿ 300 ಸದಸ್ಯರಿರಬೇಕೆಂಬ ನಿಯಮವಿತ್ತು. ಪ್ರತಿಯಾಗಿ ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣಾ ವೆಚ್ಚ, ಸದಸ್ಯರಿಗೆ ತಲಾ 2,000ದಂತೆ 15 ಲಕ್ಷದವರೆಗೆ ಷೇರಿಗೆ ಸರಿಗಟ್ಟುವ ಅನುದಾನ. ಇಂಥ ಹಣ ನಂಬಿ ಕಟ್ಟುವವರು ಒಂದು ಲೆಕ್ಕ ಹಾಕಲೇಬೇಕು: ನಾಲ್ಕನೆಯ ವರ್ಷ ಮುಖ್ಯ ಕಾರ್ಯನಿರ್ವಾಹಕರ ಸಂಬಳ ಎಲ್ಲಿಂದ? ಅವರಿಗೆ ತಿಂಗಳಿಗೆ 25,000 ಕೊಡುತ್ತೀರಿ, ಮಾರಾಟದಲ್ಲಿ ನೂರಕ್ಕೆ 5 ಉಳಿಯುತ್ತದೆ ಎಂದುಕೊಂಡರೆ ಆ ಒಂದು ಸಂಬಳಕ್ಕೇ ವರ್ಷಕ್ಕೆ 60 ಲಕ್ಷದ ವಹಿವಾಟು ಬೇಕು.

ಸೆಕ್ಷನ್ 8 ಕಂಪನಿ

ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಒಂದು ಊರಿನ ಗುಂಪಿಗೆ ಇದು ಬೇಕಾಗುವುದೇ ಅಪರೂಪ. ಹಲವು ಜಿಲ್ಲೆಗಳಲ್ಲಿ ಕೆಲಸ, ಸಂಬಳದ ಸಿಬ್ಬಂದಿ, ದೊಡ್ಡ ಕಂಪನಿಗಳ ಹಣ ಇದ್ದವರಿಗೆ ಸರಿ. ಪ್ರತಿ ವರ್ಷ ಆಡಿಟ್, ಎರಡು ಮುಖ್ಯ ಫಾರಂ, ತಡವಾದರೆ ಫಾರಂ ಒಂದಕ್ಕೆ ದಿನಕ್ಕೆ 100 ರೂಪಾಯಿ ದಂಡ, ಅದಕ್ಕೆ ಗರಿಷ್ಠ ಮಿತಿಯೂ ಇಲ್ಲ. ‘ಸಿಎಸ್‌ಆರ್ ಬರುತ್ತೆ’ ಎಂಬ ಮಾತನ್ನು ತೂಗಿ ನೋಡಿ. ಆ ಹಣ ಸಂಘಕ್ಕೂ ಟ್ರಸ್ಟಿಗೂ ಬರಬಹುದು. ಬೇಕಿರುವುದು ಮೂರು ವರ್ಷದ ಕೆಲಸದ ದಾಖಲೆ, ಜನ 12ಎ ಮತ್ತು 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿ, ಸಿಎಸ್‌ಆರ್-1 ನೋಂದಣಿ. ನಿನ್ನೆ ಹುಟ್ಟಿದ ಕಂಪನಿಗೆ ಇವು ಯಾವುವೂ ಇರುವುದಿಲ್ಲ.

ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಕುರಿತೂ ಭ್ರಮೆ ಬೇಡ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇದರಿಂದ ಲಾಭವೇ ಇಲ್ಲ. ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ಊರವರ ದೇಣಿಗೆಯ ವಿಷಯದಲ್ಲಿ ಪಾಸ್‌ಪೋರ್ಟ್ ನೋಡಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರದ್ದು, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು, ಅದಕ್ಕೆ ಮೂರು ವರ್ಷದ ಅಸ್ತಿತ್ವ, ಆ ಅವಧಿಯಲ್ಲಿ 15 ಲಕ್ಷ ಖರ್ಚು ಮಾಡಿದ ದಾಖಲೆ ಬೇಕು. ಕನ್ನಡ ಕೂಟದ ಪರಿಚಯದವರು ಕಳಿಸಿದರು ಎಂದು ಸುಮ್ಮನೆ ಖಾತೆಗೆ ಹಾಕಿಸಿಕೊಳ್ಳಬೇಡಿ.

ಇನ್ನೂ ಗೊಂದಲವಿದ್ದರೆ, ಕೆರೆಯ ಲೆಕ್ಕ ಹಾಕಿ ನೋಡಿ

ಹತ್ತು ಎಕರೆ ಕೆರೆಯಲ್ಲಿ ಒಂದು ಅಡಿ ಹೂಳು ತೆಗೆಯಬೇಕು ಎನ್ನಿ. ಎಕರೆಗೆ ಒಂದು ಅಡಿ ಎಂದರೆ ಸುಮಾರು 1,230 ಘನ ಮೀಟರ್. ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ ಎಕರೆಗೆ 410 ಲೋಡು, ಒಟ್ಟು 4,100 ಲೋಡು. ಭಾನುವಾರದ ಶ್ರಮದಾನದಲ್ಲಿ ಮುಗಿಯುವ ಮಾತಲ್ಲ. ಜೆಸಿಬಿ ಗಂಟೆಗಳು, ಡೀಸೆಲ್ಲು, ಇಲಾಖೆಯ ಲಿಖಿತ ಅನುಮತಿ, ಲಕ್ಷಗಳ ಬಿಲ್ಲು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಯಾದರೆ ಜಿಲ್ಲಾ ಮತ್ತು ಗ್ರಾಮ ಪಂಚಾಯಿತಿ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಈ ಕೆಲಸಕ್ಕೆ ನೋಂದಾಯಿತ ಸಂಘ ಬೇಕು, ಜತೆಗೆ ಪಂಚಾಯಿತಿಯ ಠರಾವು ಬೇಕು. ಮಣ್ಣು ಹೊಲಕ್ಕೆ ಒಯ್ಯುವ ರೈತರೇ ಸಾಗಣೆ ವೆಚ್ಚ ಹಾಕಿಕೊಂಡರೆ ಅರ್ಧ ಭಾರ ಇಳಿಯುತ್ತದೆ. ಹೂಳಿನ ಕೆಳಗಿನ ಜೇಡಿ ಪದರ ಸೀಳುವಷ್ಟು ಆಳ ತೆಗೆಯಬೇಡಿ, ನೀರು ನಿಲ್ಲುವುದಿಲ್ಲ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದದ್ದು ಗದ್ದೆಗೆ ಹರಿಯುವುದಿಲ್ಲ. ಏರಿಯ ಬುಡ ಮುಟ್ಟಲೇಬಾರದು.

ಅದೇ ಕೆರೆಗೆ ನೀರು ತರುವ ಕಾಲುವೆಯ ಜಾಲಿ ಕಡಿದು, ಕಟ್ಟಿಕೊಂಡ ಮೋರಿ ಬಿಡಿಸುವ ಕೆಲಸವೋ? ಒಪ್ಪಿಗೆ ಪತ್ರ ಕೈಯಲ್ಲಿದ್ದರೆ 25 ಜನರ ನೋಂದಣಿಯಿಲ್ಲದ ಗುಂಪು, ನಾಲ್ಕು ಭಾನುವಾರ. ಮಳೆಗಾಲಕ್ಕೆ ಮುಂಚೆ ಇದನ್ನು ಮಾಡಿದರೆ ಹೂಳೆತ್ತದೆಯೂ ಕೆರೆಗೆ ನೀರು ಹೆಚ್ಚು ಬರಬಹುದು. ಅನೇಕ ಕೆರೆಗಳ ರೋಗ ಹೂಳಲ್ಲ, ದಾರಿ ತಪ್ಪಿದ ನೀರು.

ನಗರದ ಬೀದಿಯಲ್ಲಿ 50 ಮನೆಗಳ ಹಸಿ ಕಸ, ಮನೆಗೆ ಅರ್ಧ ಕೆ.ಜಿ.ಯಂತೆ ದಿನಕ್ಕೆ 25 ಕೆ.ಜಿ. ಒಣ ಎಲೆ ಸಮಪ್ರಮಾಣದಲ್ಲಿ ಬೇಕು. ಎಲೆ ಉದುರುವ ತಿಂಗಳುಗಳಲ್ಲಿ ಚೀಲ ತುಂಬಿಡದಿದ್ದರೆ ಮಳೆಗಾಲದಲ್ಲಿ ಗುಂಡಿ ನಾರುತ್ತದೆ, ನಾತ ಬಂದ ವಾರವೇ ಅರ್ಧ ಮನೆ ಹಿಂದೆ ಸರಿಯುತ್ತವೆ. ಇದಕ್ಕೆ ಬಡಾವಣೆಯ ನಿವಾಸಿಗಳ ಸಂಘ ಇದ್ದರೆ ಅದರ ಉಪಸಮಿತಿಯೇ ಸಾಕು. ಕೆಲಸಗಾರರಿಗೆ ತಿಂಗಳ ಸಂಬಳ, ಪಾರ್ಕಿನಲ್ಲಿ ಜಾಗ ಎಂದಾದಾಗ ಪಾಲಿಕೆಯೊಂದಿಗೆ ಪತ್ರ ಮಾಡಿಕೊಳ್ಳಿ.

ರೂಪ ಯಾವುದೇ ಇರಲಿ, ಸಭೆ ಎಲ್ಲಿ ಸೇರುತ್ತದೆ ಎಂಬುದು ಬೈಲಾದಷ್ಟೇ ಮುಖ್ಯ. ಗೌಡರ ಜಗಲಿಯಲ್ಲಿ ಅಥವಾ ಎಲ್ಲರಿಗೂ ಪ್ರವೇಶವಿಲ್ಲದ ಗುಡಿಯಲ್ಲಿ ಸೇರಿದರೆ ಕೆಲವು ಕೇರಿಗಳವರು ಬರುವುದೇ ಇಲ್ಲ, ಬಂದರೂ ಕೂರುವುದಿಲ್ಲ. ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟೆ ವಾಸಿ. ಹೊತ್ತು, ಡೇರಿಗೆ ಹಾಲು ಹಾಕಿ ಬಂದ ಮೇಲೆ.

ನೋಂದಣಿಯಿಲ್ಲದೆ ಆರಂಭಿಸಿ ಆರು ತಿಂಗಳ ನಂತರ ಸಂಘವೋ ಟ್ರಸ್ಟೋ ಆಗುವುದಾದರೆ ಹಳೆಯದನ್ನು ಸರಿಯಾಗಿ ಮುಗಿಸಿ. ಕೊನೆಯ ಸಭೆಯಲ್ಲಿ ಹಣ, ಹಾರೆ, ಗುದ್ದಲಿ, ಡ್ರಮ್ಮು ಎಲ್ಲದರ ಪಟ್ಟಿ ಓದಿ, ಹೊಸ ಸಂಸ್ಥೆಗೆ ಒಪ್ಪಿಸುವ ಠರಾವು ಬರೆದು, ಹಾಜರಿದ್ದವರೆಲ್ಲರ ಸಹಿ ಹಾಕಿಸಿ. ಉಳಿದ ಹಣವನ್ನು ನಗದಾಗಿ ತೆಗೆಯದೆ ಚೆಕ್ ಮೂಲಕವೇ ಹೊಸ ಖಾತೆಗೆ ವರ್ಗಾಯಿಸಿ, ಹಳೆಯ ಖಾತೆ ಮುಚ್ಚಿದ ಪತ್ರವನ್ನು ಹೊಸ ನಡಾವಳಿ ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿಡಿ.